ಊರ್ಧ್ವಾಕಾಶದ ಮಾರುತಗಳೂ ಅವುಗಳನ್ನು ಅಳೆದ ಬಗೆಯೂ

ವಾಯುವಿಗೆ ರೂಪವಿಲ್ಲ, ಸ್ಪರ್ಶವುಂಟು ಎಂಬುದು ತಾರ್ಕಿಕರ ಸಿದ್ಧಾಂತವಷ್ಟೆ. ಭೂಮಿಯಿಂದ ನೂರಾರು ಕಿಲೋಮೀಟರುಗಳ ಎತ್ತರದಲ್ಲಿ ಬೀಸುವ ಮಾರುತಗಳ ವೇಗವನ್ನು ಕೃತಕ ಉಪಗ್ರಹಗಳಿಂದ ತಿಳಿದ ಚರಿತ್ರೆಯಲ್ಲಿಯೂ ಮೊದಲು ಸಾಕ್ಷ್ಯ ನುಡಿದುದು ಸ್ಪರ್ಶವೇ. ಬೆಳಕಿನ ಸಾಕ್ಷ್ಯವು ಅನಂತರದ್ದು. ಇವೆರಡರ ಬಲಾಬಲವನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುವೆವು.

ಇಂಗ್ಲೆಂಡಿನ ಫಾರ್ನ್‌ಬರೋವಿನಲ್ಲಿದ್ದ ವಿಮಾನ ಸಂಶೋಧನಾಲಯದ ಡೆಸ್ಮಂಡ್ ಕಿಂಗ್-ಹೀಲಿ ಎಂಬ ವಿದ್ವಾಂಸರು ಉಪಗ್ರಹಗಳ ಕಕ್ಷೆಗಳನ್ನು ಪರಿಶೀಲಿಸಿದರು. ಭೂಮಿಯೊಡನೆ ಸುತ್ತುವ ವಿರಳವಾಯುವು ಉಪಗ್ರಹವನ್ನು ಪಾರ್ಶ್ವದಿಂದ ತಳ್ಳುವುದರಿಂದ, ಕಕ್ಷೆಗೂ ವಿಷುವದ್ವೃತ್ತಕ್ಕೂ ನಡುವಣ ಕೋನವು ಅತ್ಯಲ್ಪವಾಗಿ ಕುಗ್ಗುತ್ತದೆ. ಈ ಕುಗ್ಗುವಿಕೆಯಿಂದ ಅವರು ೧೯೬೪ರಲ್ಲಿ, ೨೦೦–೩೦೦ ಕಿಲೋಮೀಟರುಗಳ ಎತ್ತರದ ವಾಯುವು ಭೂಮಿಯ ಭ್ರಮಣಕ್ಕಿಂತ ಸುಮಾರು ೧.೩ ಪಟ್ಟು ಬೇಗನೆ ಸುತ್ತುವುದೆಂದು ಅನುಮಾನಿಸಿದರು. ಭೂಮಿಯನ್ನು ಹೊದೆದ ಗಾಳಿಯು ಭೂಮಿಯನ್ನೇ ಮೀರಿ ಓಡುವುದೆಂಬ ಈ ಮಾತು ಆಶ್ಚರ್ಯಕರವಾಗಿದ್ದಿತು. ಆದರೆ ಈ ಕ್ರಮದಲ್ಲಿ ದೊರೆಯುವುದು ಬಹುದಿನಗಳ ಸರಾಸರಿ. ಮೇಲಾಗಿ, ಗುರುತ್ವಾಕರ್ಷಣದಿಂದಲೂ ಆ ಕೋನವು ವ್ಯತ್ಯಾಸಗೊಳ್ಳುವುದರಿಂದ ಅದನ್ನು ಕಳೆಯಬೇಕು. ಮುಂದೆ ಅನೇಕ ಕಕ್ಷೆಗಳನ್ನು ಹೋಲಿಸಲಾಗಿ, ಸಂಜೆಯ ಮಾರುತವು ಪೂರ್ವಾಭಿಮುಖವೆಂದೂ ಬೆಳಗಿನದು ಪಶ್ಚಿಮಾಭಿಮುಖವೆಂದೂ ತಿಳಿದುಬಂದಿತು. ಆದುದರಿಂದ ಒಂದೇ ಸಂಖ್ಯೆಯಿಂದ ತೃಪ್ತಿಪಡುವುದು ಸಾಧ್ಯವಾಗಲಿಲ್ಲ.

ಎಡೆಯನ್ನೂ ಹೊತ್ತನ್ನೂ ಬೇರೆಬೇರೆಯಾಗಿ ತೋರಿಸಿದುದು ಬೆಳಕು. ಹೊಳೆಯುವ ವಸ್ತುವು ಹತ್ತಿರ ಬಂದರೆ ಅದರ ಬೆಳಕಿನ ತರಂಗವು ಕುಗ್ಗುವುದು, ದೂರ ಸರಿದರೆ ಹಿಗ್ಗುವುದು. ಈ ತತ್ತ್ವದ ಮೂಲವು ೧೮೪೨ರಲ್ಲಿ ಡಾಪ್ಲರ್ ಪ್ರತಿಪಾದಿಸಿದುದು. ಊರ್ಧ್ವಾಕಾಶದ ಆಮ್ಲಜನಕವು ೫೫೭.೭ ನ್ಯಾನೋಮೀಟರ್ ತರಂಗದ ಹಸಿರು ಬೆಳಕನ್ನು ಮಂದವಾಗಿ ಸೂಸುತ್ತದೆ. ೧೯೯೧ರ ಸೆಪ್ಟೆಂಬರಿನಲ್ಲಿ ಅಮೆರಿಕೆಯವರು ಹಾರಿಸಿದ ಯು.ಎ.ಆರ್.ಎಸ್. ಉಪಗ್ರಹದಲ್ಲಿ ಕೆನಡಾ ಮತ್ತು ಫ್ರಾನ್ಸ್ ದೇಶಗಳವರು ನಿರ್ಮಿಸಿದ ವಿಂಡೀ ಎಂಬ ಯಂತ್ರವು ಈ ಬೆಳಕನ್ನೇ ಪರೀಕ್ಷಿಸಿತು. ಸೆಕೆಂಡಿಗೆ ೧೦೦ ಮೀಟರ್ ವೇಗದ ಮಾರುತದಿಂದ ತರಂಗದಲ್ಲಾಗುವ ವ್ಯತ್ಯಾಸವು ಮೂವತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ. ಯಂತ್ರವಾದರೋ ತಾನೇ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ಓಡುತ್ತಿದ್ದಿತು. ಸ್ವಗತಿಯನ್ನು ನಿಷ್ಕೃಷ್ಟವಾಗಿ ಕಳೆಯದೆ ಪರಗತಿಯು ತಿಳಿಯದು. ಮಾರುತದ ದಿಕ್ಕನ್ನರಿಯಲು ಒಂದೇ ಪ್ರದೇಶವನ್ನು ಕೆಲವು ನಿಮಿಷಗಳ ಅಂತರದಲ್ಲಿ ಎರಡು ಕಡೆಯಿಂದ ನೋಡಬೇಕಾಗಿದ್ದಿತು. ಈ ಶ್ರಮದ ಫಲವಾಗಿ, ಸುಮಾರು ೯೫ ಕಿಲೋಮೀಟರುಗಳ ಎತ್ತರದಲ್ಲಿ ಸೂರ್ಯತಾಪದಿಂದ ಉಂಟಾಗುವ ದೈನಂದಿನ ವಾಯುವಿನ ಉಬ್ಬರವಿಳಿತವು ಸ್ಪಷ್ಟವಾಯಿತು.

ಇಷ್ಟರಿಂದ ಸ್ಪರ್ಶಪ್ರಮಾಣವು ಬಾಧಿತವಾಯಿತೆನ್ನಲಾಗದು. ೨೦೦೦ದಲ್ಲಿ ಜರ್ಮನರು ಹಾರಿಸಿದ ಚಾಂಪ್ ಉಪಗ್ರಹವು ತನ್ನ ಮೇಲೆ ಬೀಳುವ ಗಾಳಿಯ ಒತ್ತಡವನ್ನು ಆಯಾ ಕ್ಷಣದಲ್ಲಿಯೇ ಅಳೆದು, ಸುಮಾರು ೪೦೦ ಕಿಲೋಮೀಟರುಗಳ ಎತ್ತರದಲ್ಲಿ, ವಿಷುವದ್ವೃತ್ತದ ಮೇಲೆ, ಇಡೀ ದಿನದ ಸರಾಸರಿ ಮಾರುತವು ಪೂರ್ವಾಭಿಮುಖವೇ ಎಂದು ತೋರಿಸಿತು. ಕಿಂಗ್-ಹೀಲಿಯವರ ಸಂಖ್ಯೆಯು ಎಲ್ಲ ಎಡೆಗೂ ಎಲ್ಲ ಹೊತ್ತಿಗೂ ಸಲ್ಲದಿದ್ದರೂ, ವಾಯುವು ಭೂಮಿಯನ್ನು ಮೀರಿ ಓಡಬಲ್ಲುದೆಂಬ ಅವರ ಅನುಮಾನವು ನಿಂತಿತು.