ಬಾವಿ ನೀರಿನ ಬಣ್ಣ ಹೇಳುವುದೇನು, ಮುಚ್ಚಿಡುವುದೇನು?

ಮನೆ ಬಾವಿಯ ನೀರಿಗೆ ಬಣ್ಣ ಬಂದರೆ ಗಾಬರಿಯಾಗುವುದು ಸಹಜ. ಈ ಗಾಬರಿ ಇವತ್ತಿನದಲ್ಲ. ಸುಮಾರು 1500 ವರ್ಷದ ಹಿಂದೆ ವರಾಹಮಿಹಿರ ಬರೆದ 'ಬೃಹತ್ಸಂಹಿತೆ'ಯಲ್ಲೇ ಕದಡಿದ, ಕಹಿಯಾದ, ವಾಸನೆ ಬಂದ ಬಾವಿ ನೀರಿಗೆ ಮದ್ದಿದೆ. ನೆಲ್ಲಿಕಾಯಿ, ಲಾವಂಚ, ಚಿಲ್ಲದ ಬೀಜ ಮುಂತಾದವನ್ನು ಬಾವಿಗೆ ಹಾಕಿ ಎನ್ನುತ್ತದೆ ಅದು. ಚಿಲ್ಲದ ಬೀಜ ಕೆಸರನ್ನು ತಳಕ್ಕೆ ಇಳಿಸುವುದು ನಿಜ. ಆದರೆ ನೀರು ತಿಳಿಯಾದ ಮಾತ್ರಕ್ಕೆ ಕುಡಿಯಲು ಯೋಗ್ಯವೇ?

ನಮ್ಮ ಹಿರೇನಲ್ಲೂರು ಇರುವ ಕಡೂರು ತಾಲ್ಲೂಕು ಬಯಲುಸೀಮೆ. ಅಯ್ಯನಕೆರೆ, ಮದಗದ ಕೆರೆ, ವೇದಾವತಿ ಹೊಳೆ ಬಿಟ್ಟರೆ ಹಿಂದಿನವರಿಗೆ ಬಾವಿಯೇ ಗತಿ. ಆಗ ನೀರು ನೋಡಲು ಚೆನ್ನಾಗಿದ್ದರೆ ಕುಡಿಯುತ್ತಿದ್ದರು.

ಆ ನಂಬಿಕೆಯನ್ನು ಸುಳ್ಳು ಮಾಡಿದ್ದು ನಾರು ಹುಣ್ಣು. ಹುಣ್ಣಿದ್ದವರು ಮೆಟ್ಟಿಲು ಬಾವಿಗೆ ಇಳಿದು ಕಾಲು ನೆನೆಸಿದರೆ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದವು. ಕಂಡೂ ಕಾಣದಷ್ಟು ಸಣ್ಣ ನೀರು ಜೀವಿಗಳ ಮೂಲಕ ಅವು ಕುಡಿದವರ ಹೊಟ್ಟೆ ಸೇರುತ್ತಿದ್ದವು. ಕರ್ನಾಟಕವೂ ಈ ರೋಗವಿದ್ದ ರಾಜ್ಯಗಳಲ್ಲಿ ಒಂದಾಗಿತ್ತು. ಮೆಟ್ಟಿಲು ಬಾವಿಗಳನ್ನು ಸೇದೋ ಬಾವಿ ಮಾಡಿದರು, ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರು ಹುಣ್ಣಿನಿಂದ ಮುಕ್ತವಾಯಿತು. ಬಾವಿಗೆ ಕಟ್ಟೆ ಯಾಕೆ ಎನ್ನುವವರಿಗೆ ಈ ಚರಿತ್ರೆಯೇ ಉತ್ತರ.

ಅಷ್ಟರಲ್ಲಿ ಊರೂರಿಗೆ ಕೈಪಂಪು, ಕೊಳವೆಬಾವಿ ಬಂದವು. ಜೊತೆಗೆ ಕೆಂಪು ನೀರಿನ ದೂರೂ ಬಂತು. ಆಳದ ನೀರಿನಲ್ಲಿ ಕರಗಿದ ಕಬ್ಬಿಣಾಂಶ ಗಾಳಿ ತಾಗಿದರೆ ತುಕ್ಕಾಗುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆ, ಪಾತ್ರೆಗೆ ಕಲೆ ಹಿಡಿಯುತ್ತದೆ.

ಮನೆಯಲ್ಲೇ ಹೀಗೆ ನೋಡಿ. ಬೆಳಿಗ್ಗೆ ಮೊದಲ ಬಿಂದಿಗೆ ಕೆಂಪಗಿದ್ದು ಆಮೇಲೆ ತಿಳಿಯಾದರೆ ದೋಷ ಹೆಚ್ಚಾಗಿ ತುಕ್ಕು ಹಿಡಿದ ಪೈಪಿನದು. ತಿಳಿಯಾಗಿ ಬಂದ ನೀರು ನಿಂತ ಮೇಲೆ ಕೆಂಪಾದರೆ ಕಬ್ಬಿಣಾಂಶ ನೀರಿನಲ್ಲೇ ಇದೆ. ಮಳೆ ಬಂದ ಕೂಡಲೇ ಕದಡಿದರೆ ಮೇಲಿನ ನೀರು ಬಾವಿಗೆ ಇಳಿಯುತ್ತಿದೆ. ಕಟ್ಟೆಯ ಬಿರುಕು ಮುಚ್ಚಿಸಿ. ಹಸಿರಾದರೆ ಬಿಸಿಲು ಬಿದ್ದು ಪಾಚಿ ಕಟ್ಟಿದೆ. ಬಾವಿಗೆ ಮುಚ್ಚಳ ಮಾಡಿಸಿ.

ಸೋಂಕು ಕಳೆಯಲು 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9400 ಲೀಟರ್. ಪುಡಿ ಹತ್ತಿರ ಹತ್ತಿರ 24 ಗ್ರಾಂ. ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ರಾತ್ರಿ ಬಾವಿಗೆ ಬಿಡಿ, ಬೆಳಿಗ್ಗೆ ಬಳಸಿ. ಹೂಳೆತ್ತಲು ಯಾರನ್ನೂ ಏಕಾಏಕಿ ಇಳಿಸಬೇಡಿ. ಒಳಗೆ ಉಸಿರುಗಟ್ಟಿಸುವ ಗಾಳಿ ಇರಬಹುದು.

ಇನ್ನೊಂದು ಮಾತು. ಬಯಲುಸೀಮೆಯ ಹಲವು ಕಡೆ ಆಳದ ನೀರಿನಲ್ಲಿರುವ ಫ್ಲೋರೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಲೆ ಬೀಳಬಹುದು. ಇನ್ನೂ ಹೆಚ್ಚಾದರೆ ಮೂಳೆ, ಕೀಲುಗಳಿಗೂ ತೊಂದರೆ. ಕೆಂಪು ನೀರು ಕಂಡರೆ ನಾವು ಓಡಾಡುತ್ತೇವೆ, ತಿಳಿ ನೀರನ್ನು ಕೇಳುವವರಿಲ್ಲ. ಆದ್ದರಿಂದ ಬಣ್ಣ ಬಂದಿರಲಿ, ಬರದಿರಲಿ, ಒಂದು ಬಾಟಲಿ ನೀರು ಹಿಡಿದುಕೊಂಡು ಗ್ರಾಮ ಪಂಚಾಯಿತಿಗೆ ಹೋಗಿ, ಪರೀಕ್ಷೆ ಮಾಡಿಸಿ ಎಂದು ಕೇಳಿ.