ಸ್ವನಿರ್ಮಿತ ವಿಮಾನಗಳಲ್ಲಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬ್ರೇಕರ್ ಮತ್ತು ಗ್ಲಾಸ್ ಕಾಕ್‌ಪಿಟ್ ಪರದೆಗಳ ಜೋಡಣೆ – ಸಾರ್ವಜನಿಕರ ಮಾಹಿತಿಗಾಗಿ

1. ಪ್ರಸ್ತಾವನೆ

ಸ್ವಂತ ಕಲಿಕೆಗಾಗಿ ಅಥವಾ ಹವ್ಯಾಸಕ್ಕಾಗಿ ನಾಗರಿಕರೇ ವಿಮಾನವನ್ನು ನಿರ್ಮಿಸಿ ಹಾರಿಸುವ ಪದ್ಧತಿಯು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಹುಕಾಲದಿಂದ ಆಚರಣೆಯಲ್ಲಿದೆ. ಅಲ್ಲಿನ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ (ಮುಂದೆ "ಎಫ್‌ಎಎ" ಎಂದು ಕರೆಯಲಾಗಿದೆ) ಇಂತಹ ವಿಮಾನಗಳಿಗೆ "ಪ್ರಾಯೋಗಿಕ" ವರ್ಗದಲ್ಲಿ ವಾಯುಯೋಗ್ಯತಾ ಪ್ರಮಾಣಪತ್ರವನ್ನು ನೀಡುತ್ತದೆ. ವಿಮಾನದ ಹೆಚ್ಚಿನ ಭಾಗವನ್ನು ಹವ್ಯಾಸಿಗಳೇ ತಯಾರಿಸಿ ಜೋಡಿಸಿರಬೇಕೆಂಬುದು ಇದರ ಮುಖ್ಯ ಷರತ್ತು. ಇದನ್ನು ಸಾಮಾನ್ಯವಾಗಿ "ಶೇ. 51ರ ನಿಯಮ" ಎಂದು ಕರೆಯಲಾಗುತ್ತದೆ.

ಕಾರ್ಖಾನೆಯಲ್ಲಿ ತಯಾರಾದ ವಿಮಾನದ ವಿದ್ಯುತ್ ವ್ಯವಸ್ಥೆಯನ್ನು ತಯಾರಕರೇ ವಿನ್ಯಾಸಗೊಳಿಸಿ ಅನುಮೋದನೆ ಪಡೆದಿರುತ್ತಾರೆ. ಸ್ವನಿರ್ಮಿತ ವಿಮಾನದಲ್ಲಿ ಈ ಜವಾಬ್ದಾರಿಯು ನಿರ್ಮಾಪಕರ ಮೇಲೆಯೇ ಇರುತ್ತದೆ. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬ್ರೇಕರ್‌ಗಳನ್ನು ಗ್ಲಾಸ್ ಕಾಕ್‌ಪಿಟ್ ಪರದೆಗೆ ಜೋಡಿಸುವಾಗ ಅನುಸರಿಸಬೇಕಾದ ಕ್ರಮಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಪದಗಳ ಅರ್ಥ

(ಅ) ಸರ್ಕ್ಯೂಟ್ ಬ್ರೇಕರ್: ತಂತಿಯಲ್ಲಿ ಮಿತಿಮೀರಿದ ವಿದ್ಯುತ್ ಹರಿದಾಗ ಮಂಡಲವನ್ನು ತಾನಾಗಿಯೇ ಕಡಿದುಹಾಕುವ ಸಾಧನ.

(ಆ) ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬ್ರೇಕರ್: ಇದೇ ಕೆಲಸವನ್ನು ಅರೆವಾಹಕ ಸ್ವಿಚ್ಚಿನ ಮೂಲಕ ಮಾಡುವ ಸಾಧನ. ಇಂತಹ ಹಲವು ಬ್ರೇಕರ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಳವಡಿಸಲಾಗಿರುತ್ತದೆ. ಸ್ವನಿರ್ಮಿತ ವಿಮಾನಗಳಲ್ಲಿ ವರ್ಟಿಕಲ್ ಪವರ್ ಹೆಸರಿನ ವಿಪಿ-ಎಕ್ಸ್ ಮಾದರಿಗಳು ಹೆಚ್ಚು ಬಳಕೆಗೆ ಬಂದಿವೆ.

(ಇ) ಗ್ಲಾಸ್ ಕಾಕ್‌ಪಿಟ್ ಪರದೆ: ವೇಗ, ಎತ್ತರ, ದಿಕ್ಕು, ಎಂಜಿನ್ ಸ್ಥಿತಿ ಮುಂತಾದವುಗಳನ್ನು ಬಿಡಿ ಮಾಪಕಗಳ ಬದಲಿಗೆ ಒಟ್ಟಾಗಿ ತೋರಿಸುವ ವಿದ್ಯುನ್ಮಾನ ಪರದೆ. ಡೈನಾನ್ ಸ್ಕೈವ್ಯೂ ಮತ್ತು ಗಾರ್ಮಿನ್ ಜಿ3ಎಕ್ಸ್ ಇದಕ್ಕೆ ಉದಾಹರಣೆಗಳು. ಇವೆರಡರಲ್ಲಿಯೂ ವಿಪಿ-ಎಕ್ಸ್ ಮಾಹಿತಿಯನ್ನು ತೋರಿಸುವ ಸೌಲಭ್ಯವಿದೆ.

(ಈ) ಬಸ್: ಬ್ಯಾಟರಿ ಅಥವಾ ಆಲ್ಟರ್ನೇಟರ್‌ನಿಂದ ಬಂದ ವಿದ್ಯುತ್ತನ್ನು ಹಲವು ಮಂಡಲಗಳಿಗೆ ಹಂಚುವ ಸಾಮಾನ್ಯ ವಾಹಕ.

3. ಹಳೆಯ ಹಾಗೂ ಹೊಸ ವ್ಯವಸ್ಥೆಯ ಕಾರ್ಯವಿಧಾನ

ಸಾಂಪ್ರದಾಯಿಕ ಬ್ರೇಕರ್‌ನೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿ ಇರುತ್ತದೆ. ಹೆಚ್ಚು ವಿದ್ಯುತ್ ಹರಿದಾಗ ಪಟ್ಟಿಯು ಬಿಸಿಯಾಗಿ ಬಾಗುತ್ತದೆ, ಸಂಪರ್ಕ ಕಡಿಯುತ್ತದೆ ಹಾಗೂ ಫಲಕದ ಮೇಲಿನ ಗುಂಡಿಯು ಹೊರಕ್ಕೆ ಚಿಮ್ಮುತ್ತದೆ. ಅದರ ಮಿತಿಯನ್ನು ಗುಂಡಿಯ ಮೇಲೆಯೇ ಮುದ್ರಿಸಿರುತ್ತಾರೆ. ಮಿತಿಯನ್ನು ಬದಲಾಯಿಸಬೇಕಾದಲ್ಲಿ ಬ್ರೇಕರನ್ನೇ ಬದಲಾಯಿಸಬೇಕು.

ಎಲೆಕ್ಟ್ರಾನಿಕ್ ಬ್ರೇಕರ್ ಪ್ರತಿ ಮಂಡಲದ ವಿದ್ಯುತ್ ಪ್ರವಾಹವನ್ನು ನಿರಂತರವಾಗಿ ಅಳೆಯುತ್ತದೆ. ಆದ್ದರಿಂದ ಹಳೆಯ ವ್ಯವಸ್ಥೆಯಲ್ಲಿ ದೊರೆಯದ ಮಾಹಿತಿ ಇಲ್ಲಿ ದೊರೆಯುತ್ತದೆ. ಉದಾಹರಣೆಗೆ, ಇಳಿದಾಣ ದೀಪದ ಸ್ವಿಚ್ಚನ್ನು ಹಾಕಿದ್ದರೂ ಆ ಮಂಡಲದಲ್ಲಿ ಪ್ರವಾಹ ಇಲ್ಲದಿದ್ದಲ್ಲಿ ದೀಪ ಸುಟ್ಟಿದೆ ಅಥವಾ ತಂತಿ ತುಂಡಾಗಿದೆ ಎಂಬುದನ್ನು ಪರದೆಯೇ ತಿಳಿಸಬಲ್ಲದು. ಫಲಕದಲ್ಲಿನ ಸ್ವಿಚ್ಚುಗಳು ಪೆಟ್ಟಿಗೆಗೆ ಸಂಕೇತವನ್ನು ಮಾತ್ರ ಕಳುಹಿಸುವುದರಿಂದ ಭಾರಿ ಪ್ರವಾಹದ ತಂತಿಗಳನ್ನು ಫಲಕದವರೆಗೆ ಎಳೆಯುವ ಅಗತ್ಯವೂ ಕಡಿಮೆಯಾಗುತ್ತದೆ.

ಆದರೆ ಇಲ್ಲಿ ಮಿತಿಯು ಲೋಹದಲ್ಲಿ ಇರುವುದಿಲ್ಲ. ಕಂಪ್ಯೂಟರಿನ ಮೂಲಕ ನಮೂದಿಸಿದ ಒಂದು ಸಂಖ್ಯೆಯಾಗಿ ಇರುತ್ತದೆ. ಈ ವ್ಯತ್ಯಾಸವನ್ನು ನಿರ್ಮಾಪಕರು ಸದಾ ನೆನಪಿನಲ್ಲಿಡತಕ್ಕದ್ದು.

4. ಬ್ರೇಕರ್ ಮಿತಿಯ ನಿಗದಿ

ಬ್ರೇಕರ್ ಇರುವುದು ಮೊದಲಿಗೆ ತಂತಿಯ ರಕ್ಷಣೆಗಾಗಿ. ಮಿತಿಮೀರಿ ಕಾದ ತಂತಿಯ ಹೊದಿಕೆಯಿಂದ ಹೊಗೆ ಹಾಗೂ ಬೆಂಕಿ ಉಂಟಾಗುತ್ತದೆ. ಆದುದರಿಂದ ಬ್ರೇಕರ್‌ನ ಮಿತಿಯು ತಂತಿಯ ಗಾತ್ರಕ್ಕೆ ನಿಗದಿಯಾದ ಪ್ರಮಾಣವನ್ನು ಮೀರತಕ್ಕದ್ದಲ್ಲ. ಎಫ್‌ಎಎ ಹೊರಡಿಸಿದ ಎಸಿ 43.13-1ಬಿ ಎಂಬ ಸಲಹಾ ಪತ್ರದ 11ನೇ ಅಧ್ಯಾಯದಲ್ಲಿ ತಾಮ್ರದ ತಂತಿಗಳಿಗೆ ನೀಡಿರುವ ಪ್ರಮಾಣಗಳು ಈ ಕೆಳಕಂಡಂತಿವೆ:

– 22 ಗೇಜ್ ತಂತಿ: 5 ಆಂಪಿಯರ್
– 20 ಗೇಜ್ ತಂತಿ: 7.5 ಆಂಪಿಯರ್
– 18 ಗೇಜ್ ತಂತಿ: 10 ಆಂಪಿಯರ್
– 16 ಗೇಜ್ ತಂತಿ: 15 ಆಂಪಿಯರ್
– 14 ಗೇಜ್ ತಂತಿ: 20 ಆಂಪಿಯರ್

(ಗೇಜ್ ಸಂಖ್ಯೆ ಕಡಿಮೆಯಾದಂತೆ ತಂತಿಯು ದಪ್ಪವಾಗುತ್ತದೆ ಎಂಬುದನ್ನು ಗಮನಿಸುವುದು.)

5 ಆಂಪಿಯರ್ ಮಿತಿಯ ಮಂಡಲದ ಬ್ರೇಕರ್ ಪದೇ ಪದೇ ಕಡಿಯುತ್ತಿದ್ದಲ್ಲಿ, ಮಿತಿಯನ್ನು 10ಕ್ಕೆ ಏರಿಸುವ ಕೆಲಸ ಕಂಪ್ಯೂಟರಿನಲ್ಲಿ ಅರೆ ನಿಮಿಷದ್ದು. ಸಂಖ್ಯೆಯನ್ನು ಏರಿಸಿದ ಮಾತ್ರಕ್ಕೆ ಗೋಡೆಯ ಹಿಂದಿನ ತಂತಿಯು ದಪ್ಪವಾಗುವುದಿಲ್ಲ. ಮಿತಿಯನ್ನು ಏರಿಸುವ ಮೊದಲು ಸದರಿ ಮಂಡಲದ ತಂತಿಯ ಗಾತ್ರವನ್ನು ಕಡ್ಡಾಯವಾಗಿ ಪರಿಶೀಲಿಸುವುದು ಹಾಗೂ ಬದಲಾವಣೆಯನ್ನು ದಿನಾಂಕದೊಂದಿಗೆ ನಿರ್ಮಾಣ ದಾಖಲೆಯಲ್ಲಿ ನಮೂದಿಸುವುದು.

5. ಪರದೆಯೊಂದಿಗೆ ಜೋಡಣೆ

ಪೆಟ್ಟಿಗೆ ಹಾಗೂ ಪರದೆಯ ನಡುವಿನ ಸಂಪರ್ಕಕ್ಕೆ ಸಾಮಾನ್ಯವಾಗಿ ಆರ್‌ಎಸ್-232 ಎಂಬ ಸರಣಿ ಸಂವಹನ ಮಾರ್ಗವನ್ನು ಬಳಸಲಾಗುತ್ತದೆ. ಒಂದರ ಕಳುಹಿಸುವ ತಂತಿಯು ಮತ್ತೊಂದರ ಸ್ವೀಕರಿಸುವ ತುದಿಗೆ ಸೇರಬೇಕು. ಎರಡಕ್ಕೂ ಸಾಮಾನ್ಯವಾದ ಭೂಸಂಪರ್ಕ ಇರಬೇಕು. ಬಳಿಕ ಪರದೆಯ ಸಿದ್ಧತಾ ಪಟ್ಟಿಯಲ್ಲಿ ಸದರಿ ಪೋರ್ಟ್‌ಗೆ ಈ ಪೆಟ್ಟಿಗೆಯನ್ನು ಆಯ್ಕೆ ಮಾಡಬೇಕು. ಮಂಡಲಗಳ ಹೆಸರು, ಮಿತಿ, ಸ್ವಿಚ್ಚುಗಳ ಹೊಂದಾಣಿಕೆ ಮುಂತಾದವುಗಳನ್ನು ತಯಾರಕರು ಒದಗಿಸಿದ ತಂತ್ರಾಂಶದ ಮೂಲಕ ಪೆಟ್ಟಿಗೆಯಲ್ಲಿ ದಾಖಲಿಸಬೇಕು.

ಪರದೆಯು ಬ್ರೇಕರ್‌ನ ಸ್ಥಿತಿಯನ್ನು ತೋರಿಸುವ ಹಾಗೂ ಚಾಲಕರ ಆದೇಶವನ್ನು ತಲುಪಿಸುವ ಮಾಧ್ಯಮ ಮಾತ್ರ. ತಂತಿಯನ್ನು ರಕ್ಷಿಸುವ ಕೆಲಸವು ಪೆಟ್ಟಿಗೆಯದು. ಪರದೆಯು ಆರಿಹೋದರೂ ಬ್ರೇಕರ್‌ಗಳು ತಮ್ಮ ಕೆಲಸವನ್ನು ಮುಂದುವರಿಸಬೇಕು ಹಾಗೂ ಫಲಕದ ಸ್ವಿಚ್ಚುಗಳು ಎಂದಿನಂತೆ ನಡೆಯಬೇಕು. ವಿಪಿ-ಎಕ್ಸ್ ಇದೇ ತತ್ವದಂತೆ ರೂಪುಗೊಂಡಿದೆ. ಬೇರೆ ಸಾಧನವನ್ನು ಆಯ್ಕೆ ಮಾಡುವವರು ಈ ಅಂಶವನ್ನು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

6. ಒಂದೇ ಪೆಟ್ಟಿಗೆಯನ್ನು ಅವಲಂಬಿಸದಿರುವುದು

ಸಾಂಪ್ರದಾಯಿಕ ವ್ಯವಸ್ಥೆಯಲ್ಲಿ ಒಂದು ಬ್ರೇಕರ್ ಕೆಟ್ಟರೆ ಒಂದು ಮಂಡಲ ನಿಲ್ಲುತ್ತದೆ. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿದ್ದಾಗ ಪೆಟ್ಟಿಗೆಯ ದೋಷವು ಹಲವು ಮಂಡಲಗಳನ್ನು ಒಮ್ಮೆಗೇ ನಿಲ್ಲಿಸಬಹುದು. ಆದ್ದರಿಂದ ಈ ಕೆಳಕಂಡ ಮುನ್ನೆಚ್ಚರಿಕೆಗಳು ಅವಶ್ಯಕ:

(ಅ) ಎಂಜಿನ್ ನಡೆಯಲು ವಿದ್ಯುತ್ ಅತ್ಯಗತ್ಯವಾಗಿದ್ದಲ್ಲಿ (ಎಲೆಕ್ಟ್ರಾನಿಕ್ ದಹನ ಅಥವಾ ಇಂಧನ ಸಿಂಪಡಣೆ ಇರುವಲ್ಲಿ), ಆ ಮಂಡಲಕ್ಕೆ ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸ್ ಮೂಲಕ ನೇರ ಮಾರ್ಗವನ್ನು ಒದಗಿಸುವುದು. ಮ್ಯಾಗ್ನೆಟೊ ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸುವುದರಿಂದ ಅದಕ್ಕೆ ಈ ಅಗತ್ಯವಿಲ್ಲ.

(ಆ) ಕನಿಷ್ಠ ಒಂದು ಪರದೆಗೆ ಸ್ವಂತ ಮೀಸಲು ಬ್ಯಾಟರಿ ಅಥವಾ ಎರಡನೆಯ ವಿದ್ಯುತ್ ಮೂಲ ಇರಬೇಕು. ಎಂಜಿನ್ ಚಾಲನೆ ಮಾಡುವಾಗ ವೋಲ್ಟೇಜ್ ಕುಸಿದು ಪರದೆಯು ಮರುಪ್ರಾರಂಭವಾಗುವುದನ್ನೂ ಇದು ತಪ್ಪಿಸುತ್ತದೆ.

(ಇ) ರೇಡಿಯೊ ಹಾಗೂ ಮುಖ್ಯ ಪರದೆಗಳೆರಡೂ ಒಂದೇ ದೋಷದಿಂದ ಒಟ್ಟಿಗೆ ನಿಲ್ಲದಂತೆ ನೋಡಿಕೊಳ್ಳುವುದು.

(ಈ) ಅರೆವಾಹಕ ಸ್ವಿಚ್ಚು ಕೆಟ್ಟಾಗ ತೆರೆದ ಸ್ಥಿತಿಯಲ್ಲಿಯೇ ನಿಲ್ಲುತ್ತದೆ ಎಂದು ಭಾವಿಸತಕ್ಕದ್ದಲ್ಲ; ಅದು ಮುಚ್ಚಿದ ಸ್ಥಿತಿಯಲ್ಲಿಯೂ ನಿಲ್ಲಬಹುದು. ಇಡೀ ವ್ಯವಸ್ಥೆಯನ್ನು ಬ್ಯಾಟರಿಯಿಂದ ಬೇರ್ಪಡಿಸುವ ಮಾಸ್ಟರ್ ಸ್ವಿಚ್ಚು ಚಾಲಕರ ಕೈಗೆ ಸುಲಭವಾಗಿ ಎಟುಕುವಂತಿರಬೇಕು.

7. ವಿದ್ಯುತ್ತಿನ ಜಮಾ-ಖರ್ಚು

ಆಲ್ಟರ್ನೇಟರ್ ನಿಂತಾಗ ಬ್ಯಾಟರಿಯೊಂದೇ ಆಧಾರ. ಆಗ ಎಷ್ಟು ಹೊತ್ತು ಹಾರಬಹುದು ಎಂಬುದನ್ನು ನೆಲದ ಮೇಲೆಯೇ ಲೆಕ್ಕ ಹಾಕಿರಬೇಕು. ಕೇವಲ ಉದಾಹರಣೆಗಾಗಿ:

– ಅಗತ್ಯ ಮಂಡಲಗಳು: ಒಂದು ಪರದೆ 2, ರೇಡಿಯೊ 1, ಎಂಜಿನ್ ಮಾಹಿತಿ ಘಟಕ 1, ಟ್ರಾನ್ಸ್‌ಪಾಂಡರ್ 1, ಬ್ರೇಕರ್ ಪೆಟ್ಟಿಗೆ ಹಾಗೂ ಇತರೆ 1 – ಒಟ್ಟು 6 ಆಂಪಿಯರ್.
– ಕೈಬಿಡಬಹುದಾದ ಮಂಡಲಗಳು: ಎರಡನೆಯ ಪರದೆ 2, ಆಟೊಪೈಲಟ್ 2, ಗುರುತು ದೀಪಗಳು 4, ಇಳಿದಾಣ ದೀಪ 4 – ಒಟ್ಟು 12 ಆಂಪಿಯರ್.

16 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಮಾತ್ರ ಭರವಸೆಯ ಮೊತ್ತವೆಂದು ಜಮೆ ಹಿಡಿದರೆ 8 ಆಂಪಿಯರ್-ಗಂಟೆ ಲಭ್ಯ. ಎಲ್ಲವನ್ನೂ ಚಾಲೂ ಇಟ್ಟರೆ (18 ಆಂಪಿಯರ್) ಸುಮಾರು 27 ನಿಮಿಷ. ಅಗತ್ಯವಾದವುಗಳನ್ನು ಮಾತ್ರ ಇಟ್ಟರೆ 80 ನಿಮಿಷ. ಪರದೆಯ ಮೇಲೆ ಮಂಡಲವಾರು ಪ್ರವಾಹ ಕಾಣುವುದರಿಂದ ಈ ಲೆಕ್ಕವನ್ನು ಅಂದಾಜಿನ ಬದಲಿಗೆ ಸ್ವಂತ ವಿಮಾನದ ನೈಜ ಅಂಕಿಗಳಿಂದ ಸಿದ್ಧಪಡಿಸಬಹುದು. ಈ ಜೋಡಣೆಯ ಬಹು ದೊಡ್ಡ ಪ್ರಯೋಜನ ಇದೇ ಆಗಿದೆ.

8. ಕಡಿದ ಬ್ರೇಕರನ್ನು ಮರಳಿ ಹಾಕುವ ಬಗ್ಗೆ

2007ರ ಜುಲೈ 10ರಂದು ಫ್ಲಾರಿಡಾ ರಾಜ್ಯದ ಸ್ಯಾನ್‌ಫರ್ಡ್‌ನಲ್ಲಿ ಸೆಸ್ನಾ 310ಆರ್ ವಿಮಾನವು ವಸತಿ ಪ್ರದೇಶದ ಮೇಲೆ ಬಿದ್ದು ಐವರು ಮೃತಪಟ್ಟರು. ಇವರಲ್ಲಿ ಮೂವರು ನೆಲದ ಮೇಲಿದ್ದವರು. ಇದು ಸ್ವನಿರ್ಮಿತ ವಿಮಾನವಲ್ಲವಾದರೂ ಇದರ ಪಾಠವು ಎಲ್ಲ ವಿಮಾನಗಳಿಗೂ ಅನ್ವಯಿಸುತ್ತದೆ. ಹಿಂದಿನ ದಿನದ ಹಾರಾಟದಲ್ಲಿ ಹವಾಮಾನ ರಾಡಾರ್ ನಿಂತು ಸುಟ್ಟ ವಾಸನೆ ಬಂದಿತ್ತು. ಆ ದಿನದ ಚಾಲಕರು ಅದರ ಬ್ರೇಕರನ್ನು ಹೊರಕ್ಕೆ ಎಳೆದು, ದೋಷವನ್ನು ಬರೆದಿಟ್ಟಿದ್ದರು. ದುರಸ್ತಿಯಾಗದೆಯೇ ವಿಮಾನವು ಮರುದಿನ ಹೊರಟಿತು. ಹಾರಾಟಕ್ಕೆ ಮುನ್ನ ಸದರಿ ಬ್ರೇಕರನ್ನು ಮರಳಿ ಒತ್ತಿರುವ ಸಾಧ್ಯತೆಯನ್ನು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯು ಗುರುತಿಸಿತು. ಗೊತ್ತಿದ್ದ ದೋಷವನ್ನು ಸರಿಪಡಿಸದೆ ವಿಮಾನವನ್ನು ಹಾರಾಟಕ್ಕೆ ಬಿಟ್ಟ ತೀರ್ಮಾನ ಹಾಗೂ ಅದನ್ನು ಹಾರಿಸಿದ ಚಾಲಕರ ತೀರ್ಮಾನಗಳೇ ಕಾರಣವೆಂದು ಮಂಡಳಿ ನಿರ್ಣಯಿಸಿತು.

ತರುವಾಯ 2010ರಲ್ಲಿ ಎಫ್‌ಎಎ ವಿಶೇಷ ಮಾಹಿತಿ ಪತ್ರವೊಂದನ್ನು ಹೊರಡಿಸಿತು. ಕೈಪಿಡಿಯಲ್ಲಿ ಸ್ಪಷ್ಟವಾಗಿ ತಿಳಿಸಿದ್ದ ಹೊರತು ಅಥವಾ ಸುರಕ್ಷಿತವಾಗಿ ಹಾರಾಟ ಮುಗಿಸಲು ಆ ಮಂಡಲವು ಅನಿವಾರ್ಯವಾಗಿದ್ದ ಹೊರತು, ಹಾರಾಟದಲ್ಲಿ ಕಡಿದ ಬ್ರೇಕರನ್ನು ಮರಳಿ ಹಾಕಬಾರದೆಂಬುದು ಅದರ ತಾತ್ಪರ್ಯ.

ಗ್ಲಾಸ್ ಕಾಕ್‌ಪಿಟ್‌ನಲ್ಲಿ ಈ ಎಚ್ಚರಿಕೆ ಇನ್ನೂ ಮುಖ್ಯ. ಹೊರಚಿಮ್ಮಿದ ಗುಂಡಿಯು ಮುಂದಿನ ಚಾಲಕರ ಕಣ್ಣಿಗೂ ಬೀಳುತ್ತದೆ. ಪರದೆಯ ಮೇಲಿನ ಕೆಂಪು ಸಾಲು ಒಂದು ಸ್ಪರ್ಶದಿಂದ ಅಳಿಸಿಹೋಗುತ್ತದೆ. ಆದುದರಿಂದ ಯಾವ ಮಂಡಲವನ್ನು ಹಾರಾಟದಲ್ಲಿ ಒಮ್ಮೆ ಮರಳಿ ಹಾಕಬಹುದು, ಯಾವುದನ್ನು ಎಂದಿಗೂ ಹಾಕಬಾರದು ಎಂಬ ಪಟ್ಟಿಯನ್ನು ಮೊದಲೇ ಬರೆದು ವಿಮಾನದಲ್ಲಿ ಇರಿಸುವುದು. ಕಡಿದ ಪ್ರತಿಯೊಂದು ಬ್ರೇಕರನ್ನೂ ಹಾರಾಟದ ನಂತರ ದಾಖಲೆ ಪುಸ್ತಕದಲ್ಲಿ ಕೈಬರಹದಲ್ಲಿ ನಮೂದಿಸುವುದು.

9. ಹಾರಾಟಕ್ಕೆ ಮುನ್ನ ನೆಲದ ಮೇಲಿನ ಪರೀಕ್ಷೆಗಳು

(1) ಪ್ರತಿ ಮಂಡಲವನ್ನು ಒಂದೊಂದಾಗಿ ಚಾಲೂ ಮಾಡಿ, ಪರದೆಯ ಮೇಲಿನ ಹೆಸರು ಹಾಗೂ ನಿಜವಾಗಿ ನಡೆಯುವ ಸಾಧನ ಒಂದೇ ಎಂದು ಖಚಿತಪಡಿಸಿಕೊಳ್ಳುವುದು.
(2) ಪರದೆಯಲ್ಲಿ ಕಾಣುವ ಪ್ರವಾಹವನ್ನು ಪ್ರತ್ಯೇಕ ಆಮೀಟರ್‌ನೊಂದಿಗೆ ತಾಳೆ ನೋಡುವುದು.
(3) ಸರಣಿ ಸಂಪರ್ಕವನ್ನು ಕಳಚುವುದು. ಪರದೆಯು "ಮಾಹಿತಿ ಇಲ್ಲ" ಎಂದು ತೋರಿಸಬೇಕು. ಹಳೆಯ ಅಂಕಿಗಳನ್ನೇ ಹಿಡಿದುಕೊಂಡಿರಬಾರದು.
(4) ಪರದೆಗಳನ್ನು ಆರಿಸಿ, ಫಲಕದ ಸ್ವಿಚ್ಚುಗಳಿಂದಲೇ ಸಾಧನಗಳು ನಡೆಯುವುದನ್ನು ನೋಡುವುದು.
(5) ಬ್ರೇಕರ್ ಪೆಟ್ಟಿಗೆಯ ವಿದ್ಯುತ್ತನ್ನು ಪೂರ್ಣವಾಗಿ ನಿಲ್ಲಿಸಿ, ಮೀಸಲು ಮಾರ್ಗದ ಪರದೆ ಹಾಗೂ ದಹನ ವ್ಯವಸ್ಥೆ ಉಳಿಯುವುದೇ ಎಂದು ಪರೀಕ್ಷಿಸುವುದು.
(6) ಅಂತಿಮ ಸಿದ್ಧತಾ ಕಡತದ ಪ್ರತಿಯನ್ನು ಬೇರೆಡೆ ಉಳಿಸಿ, ಮುದ್ರಿತ ಪ್ರತಿಯನ್ನು ದಾಖಲೆಗೆ ಸೇರಿಸುವುದು. ತಂತ್ರಾಂಶವನ್ನು ನವೀಕರಿಸಿದಾಗಲೆಲ್ಲ (1)ರಿಂದ (5)ರವರೆಗಿನ ಪರೀಕ್ಷೆಗಳನ್ನು ಪುನಃ ನಡೆಸುವುದು.

10. ಅರ್ಜಿ ಸಲ್ಲಿಕೆ

ಅಮೆರಿಕದಲ್ಲಿ ವಿಮಾನವನ್ನು ನೋಂದಾಯಿಸಲು ಅಲ್ಲಿನ ಪ್ರಜೆಗಳು ಹಾಗೂ ಶಾಶ್ವತ ನಿವಾಸದ ಹಕ್ಕು ಪಡೆದ ವಿದೇಶೀಯರು ಅರ್ಹರು. ನೋಂದಣಿಗೆ 8050-1, ವಾಯುಯೋಗ್ಯತಾ ಪ್ರಮಾಣಪತ್ರಕ್ಕೆ 8130-6 ಹಾಗೂ ಹವ್ಯಾಸಿ ನಿರ್ಮಾಣದ ಅರ್ಹತಾ ಹೇಳಿಕೆಗೆ 8130-12 ಸಂಖ್ಯೆಯ ನಮೂನೆಗಳಿವೆ. ನಿರ್ಮಾಣ ದಾಖಲೆ ಮತ್ತು ಛಾಯಾಚಿತ್ರಗಳನ್ನು ಪರಿಶೀಲನೆಗೆ ಸಿದ್ಧವಾಗಿರಿಸಬೇಕು. ವಿದ್ಯುತ್ ನಕ್ಷೆ ಹಾಗೂ ಬ್ರೇಕರ್ ಮಿತಿಗಳ ಪಟ್ಟಿಯನ್ನು ಇವುಗಳೊಂದಿಗೆ ಇರಿಸಿಕೊಂಡಲ್ಲಿ ಅನುಕೂಲವಾಗುವುದು.

ಪ್ರಮಾಣಪತ್ರದ ನಂತರ ಮೊದಲ ಹಂತದ ಪರೀಕ್ಷಾ ಹಾರಾಟಗಳು ಕಡ್ಡಾಯ. ಪ್ರಮಾಣೀಕೃತ ಎಂಜಿನ್-ಪ್ರೊಪೆಲ್ಲರ್ ಜೋಡಿ ಇದ್ದಲ್ಲಿ ಸಾಮಾನ್ಯವಾಗಿ 25 ಗಂಟೆ, ಇಲ್ಲದಿದ್ದಲ್ಲಿ 40 ಗಂಟೆ; ಇದಕ್ಕೆ ಬದಲಾಗಿ ನಿಗದಿತ ಕಾರ್ಯಪಟ್ಟಿಯಂತೆ ಪರೀಕ್ಷಿಸುವ ಕ್ರಮವೂ ಇದೆ. ನಂತರ ಪ್ರತಿ 12 ತಿಂಗಳಿಗೊಮ್ಮೆ ಸ್ಥಿತಿ ತಪಾಸಣೆ ಆಗಬೇಕು. ಮುಖ್ಯ ನಿರ್ಮಾಪಕರು ತಮ್ಮ ವಿಮಾನದ ತಪಾಸಣೆಯನ್ನು ತಾವೇ ನಡೆಸಲು ರಿಪೇರ್‌ಮನ್ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಲೆಕ್ಟ್ರಾನಿಕ್ ಬ್ರೇಕರ್ ಇದ್ದರೆ ಫ್ಯೂಸ್‌ಗಳ ಅಗತ್ಯವೇ ಇಲ್ಲವೇ?
ಉತ್ತರ: ಅಗತ್ಯವಿದೆ. ಪೆಟ್ಟಿಗೆಯ ಹೊರಗಿನಿಂದ ಹೋಗುವ ಮೀಸಲು ಮಾರ್ಗಗಳಿಗೆ ಪ್ರತ್ಯೇಕ ರಕ್ಷಣೆ ಇರಲೇಬೇಕು.

ಪ್ರಶ್ನೆ: ಸರಳ ವಿಮಾನಕ್ಕೂ ಈ ವ್ಯವಸ್ಥೆ ಬೇಕೇ?
ಉತ್ತರ: ಕಡ್ಡಾಯವಲ್ಲ. ಹಗಲಿನಲ್ಲಿ ಮಾತ್ರ ಹಾರುವ, ಕೆಲವೇ ಮಂಡಲಗಳ ವಿಮಾನಕ್ಕೆ ಸಾಂಪ್ರದಾಯಿಕ ಬ್ರೇಕರ್ ಅಥವಾ ಫ್ಯೂಸ್‌ಗಳೇ ಸಾಕಾಗುತ್ತವೆ.

ಪ್ರಶ್ನೆ: ಭಾರತದಲ್ಲಿ ನಿರ್ಮಿಸುವವರು ಯಾರನ್ನು ಸಂಪರ್ಕಿಸಬೇಕು?
ಉತ್ತರ: ವಿಮಾನಯಾನವು ಸಂವಿಧಾನದ ಕೇಂದ್ರ ಪಟ್ಟಿಯ ವಿಷಯ. ನೋಂದಣಿ ಹಾಗೂ ವಾಯುಯೋಗ್ಯತೆಯ ಅನುಮತಿಗಳು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ವ್ಯಾಪ್ತಿಗೆ ಒಳಪಡುತ್ತವೆ. ಮೇಲ್ಕಂಡ ಅಮೆರಿಕದ ನಮೂನೆಗಳು ಇಲ್ಲಿ ಅನ್ವಯಿಸುವುದಿಲ್ಲ. ಸಾಮಗ್ರಿ ಖರೀದಿಸುವ ಮೊದಲೇ ನಿರ್ದೇಶನಾಲಯದಿಂದ ಲಿಖಿತ ಮಾಹಿತಿ ಪಡೆಯುವುದು ಸೂಕ್ತ.

ಸೂಚನೆ: ಈ ಪುಟವು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಆಯಾ ಸಾಧನದ ತಯಾರಕರ ಕೈಪಿಡಿ ಹಾಗೂ ಸಂಬಂಧಪಟ್ಟ ಪ್ರಾಧಿಕಾರದ ಪ್ರಚಲಿತ ನಿಯಮಗಳೇ ಅಂತಿಮವಾಗಿರುತ್ತವೆ.