ಮರಕ್ಕೆ ತೂಗಿದ ನೇಗಿಲು

ರಷ್ಯಾದ ಮೊದಲ ತ್ಸಾರ್ ನಾಲ್ಕನೆಯ ಇವಾನನನ್ನು ಅಲ್ಲಿನವರು 'ಗ್ರೋಜ್ನಿ' ಎಂದು ಕರೆಯುತ್ತಾರೆ. ಇಂಗ್ಲಿಷಿನ ದಾರಿಯಾಗಿ ನಮಗೆ ತಲುಪುವಾಗ ಅದು 'ಭಯಂಕರ ಇವಾನ' ಎಂದಾಯಿತು. ಮೂಲ ಪದದಲ್ಲಿ ಹೆದರಿಕೆಯ ಜೊತೆಗೆ ಗೌರವವೂ ಬೆರೆತಿದೆ. ಅವನಿಗಿಂತ ಸುಮಾರು ನೂರು ವರ್ಷ ಈಚಿನವನಾದ ನಮ್ಮ ಮೈಸೂರಿನ ಚಿಕ್ಕದೇವರಾಜ ಒಡೆಯನಿಗೆ (ಆಳ್ವಿಕೆ 1673–1704) ಸಿಕ್ಕ ಬಿರುದು 'ನವಕೋಟಿ ನಾರಾಯಣ'. ಬೊಕ್ಕಸದಲ್ಲಿ ಒಂಬತ್ತು ಕೋಟಿ ಕೂಡಿಟ್ಟವನು ಎಂದು ಅರ್ಥ. ಆ ಒಂಬತ್ತು ಕೋಟಿ ಯಾರ ಮನೆಯಿಂದ ಬಂತು ಎಂಬುದನ್ನು ಬಿರುದು ಹೇಳುವುದಿಲ್ಲ.

ಚಿಕ್ಕದೇವರಾಜ ಸಣ್ಣ ಅರಸನಲ್ಲ. ಶ್ರೀರಂಗಪಟ್ಟಣದಿಂದ ಆಳುತ್ತ ರಾಜ್ಯವನ್ನು ನಾಲ್ಕೂ ಕಡೆ ಬೆಳೆಸಿದ. 1687ರಲ್ಲಿ ಮೊಗಲರ ಸೇನಾನಿ ಕಾಸಿಂ ಖಾನನಿಗೆ ಮೂರು ಲಕ್ಷ ರೂಪಾಯಿ ಕೊಟ್ಟು ಬೆಂಗಳೂರನ್ನು ಪಡೆದ. ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿ 'ಅಠಾರಾ ಕಚೇರಿ' ಕಟ್ಟಿದ; ಅಂಚೆಯ ವ್ಯವಸ್ಥೆಯನ್ನೂ ಮಾಡಿದ. ಅಂಚೆಯವರು ಕಾಗದದ ಜೊತೆಗೆ ಊರೂರಿನ ಗುಟ್ಟನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು. ಕನ್ನಡಕ್ಕಂತೂ ಅದು ಸುಗ್ಗಿಯ ಕಾಲ. ತಿರುಮಲಾರ್ಯ ಅವನ ಮಂತ್ರಿಯೂ ಹೌದು, ಕವಿಯೂ ಹೌದು. ನಮಗೆ ದೊರೆತಿರುವ ಮೊದಲ ಕನ್ನಡ ನಾಟಕ ಸಿಂಗರಾರ್ಯನ 'ಮಿತ್ರವಿಂದಾ ಗೋವಿಂದ'. ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು.

ಇಷ್ಟೆಲ್ಲ ನಡೆಯಲು ಹಣ ಬೇಕಿತ್ತು. ಬೆಳೆಯ ಆರನೆಯ ಒಂದು ಪಾಲು ಮಾತ್ರ ಅರಸನದು ಎಂದು ಶಾಸ್ತ್ರ ಹೇಳುತ್ತಿತ್ತು. ಇದಕ್ಕೆ ಚಿಕ್ಕದೇವರಾಜ ಕಂಡುಕೊಂಡ ಉಪಾಯವನ್ನು ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ವಿವರಿಸಿದ್ದಾನೆ. ಆರನೆಯ ಪಾಲನ್ನು ಅರಸ ಮುಟ್ಟಲಿಲ್ಲ. ಅದರ ಸುತ್ತ ಹತ್ತಾರು ಚಿಲ್ಲರೆ ತೆರಿಗೆ ಹೇರಿದ. ಈ ಕಿರುಕುಳ ತಪ್ಪಿದರೆ ಸಾಕು, ಕಂದಾಯವನ್ನೇ ಹೆಚ್ಚು ಕೊಡುತ್ತೇವೆ ಎಂದು ರೈತರ ಬಾಯಿಂದಲೇ ಬರಲಿ ಎಂಬುದು ಲೆಕ್ಕಾಚಾರ. ಶಾಸ್ತ್ರವೂ ಉಳಿಯಿತು, ಬೊಕ್ಕಸವೂ ತುಂಬಿತು. ದಿನಾ ಬೆಳಿಗ್ಗೆ ಎರಡು ಚೀಲ ಹೊನ್ನು ಖಜಾನೆಗೆ ಸೇರಿದ ಮೇಲೆಯೇ ಅವನು ಊಟಕ್ಕೇಳುತ್ತಿದ್ದನಂತೆ.

ರೈತರು ಕೊಟ್ಟ ಉತ್ತರವನ್ನೂ ವಿಲ್ಕ್ಸ್ ಬರೆದಿದ್ದಾನೆ. ಊರಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗಿದರು. ಇನ್ನು ಉಳುವುದಿಲ್ಲ ಎಂಬುದಕ್ಕೆ ಅದು ಗುರುತು. ಓದುಬರಹ ಬಾರದವರೂ ಓದಬಹುದಾದ ಬಿನ್ನವತ್ತಳೆ ಅದು. ಈ ಸುದ್ದಿಯನ್ನು ಊರಿಂದೂರಿಗೆ ದಾಟಿಸಬಲ್ಲವರು ಭಿಕ್ಷೆಗೆ ತಿರುಗುತ್ತಿದ್ದ ಜಂಗಮರು. ಅರಸನ ಅಂಚೆಗೆ ಎದುರಾಗಿ ರೈತರಿಗೆ ಇದ್ದ ಅಂಚೆ ಅದೊಂದೇ. ದಂಗೆಯ ಹಿಂದೆ ಇರುವವರು ಇವರೇ ಎಂದು ಅರಮನೆ ತೀರ್ಮಾನಿಸಿತು.

ಮುಂದಿನದು ನಂಜನಗೂಡಿನ ಕಥೆ. ಅಲ್ಲಿನ ದೊಡ್ಡ ದೇವಸ್ಥಾನದ ಬಳಿ ಅರಸನ ದರ್ಶನವಿದೆಯೆಂದು ಜಂಗಮರನ್ನು ಕರೆಸಿದರು. ಒಬ್ಬೊಬ್ಬರನ್ನೇ ಪರದೆಯ ಆಚೆಗೆ ಕರೆದೊಯ್ದು ತಲೆ ಕಡಿದು ಹಳ್ಳಕ್ಕೆ ತಳ್ಳಿದರು. ಸತ್ತವರು ನಾನೂರಕ್ಕೂ ಹೆಚ್ಚು, ನಾಶವಾದ ಮಠಗಳು ಏಳುನೂರಕ್ಕೂ ಹೆಚ್ಚು. ಇದು ವಿಲ್ಕ್ಸ್ ಕೊಡುವ ಲೆಕ್ಕ. ಈ ತೆರಿಗೆ ನೀತಿಯ ಹಿಂದಿದ್ದವನು ಯಳಂದೂರಿನ ವಿಶಾಲಾಕ್ಷ ಪಂಡಿತ, ಅರಸ ಹಂಗಳದಲ್ಲಿ ಸೆರೆಯಲ್ಲಿದ್ದ ದಿನಗಳಿಂದ ಜೊತೆಗಿದ್ದ ಜೈನ ಮಂತ್ರಿ. ಕೆಲಕಾಲದಲ್ಲೇ ಅವನೂ ಕೊಲೆಯಾದ.

ವಿಲ್ಕ್ಸನ ಮೊದಲ ಸಂಪುಟ ಬಂದದ್ದು 1810ರಲ್ಲಿ, ಅರಸ ತೀರಿಕೊಂಡು ನೂರು ವರ್ಷ ಕಳೆದ ಮೇಲೆ. ಹಾಗಾಗಿ ಅವನ ಅಂಕಿಗಳನ್ನು ಕಣ್ಣುಮುಚ್ಚಿ ನಂಬಲಾಗದು. ಇಂಥ ತಕರಾರು ರಷ್ಯಾದಲ್ಲೂ ಇದೆ. ಇವಾನ 1552ರಲ್ಲಿ ಕಜಾನ್ ಗೆದ್ದ, ಕಾನೂನು ಸಂಹಿತೆ ತಂದ, ಮಾಸ್ಕೋದಲ್ಲಿ ಸಂತ ಬೆಸಿಲನ ಚರ್ಚು ಕಟ್ಟಿಸಿದ. 1570ರಲ್ಲಿ ಅದೇ ಇವಾನ ಪಿತೂರಿಯ ಅನುಮಾನದಿಂದ ನೊವ್ಗೊರೊದ್ ನಗರದ ಮೇಲೆ ಬಿದ್ದು ಪಾದ್ರಿಗಳನ್ನೂ ವರ್ತಕರನ್ನೂ ಕೊಲ್ಲಿಸಿದ. ಸತ್ತವರು ಎರಡು ಮೂರು ಸಾವಿರವೋ, ಹತ್ತಾರು ಸಾವಿರವೋ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ನೊವ್ಗೊರೊದಿನಲ್ಲಿ ಏನೂ ನಡೆಯಲಿಲ್ಲ ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

ನಮ್ಮಲ್ಲಿ ಸಂಖ್ಯೆಯ ಮೇಲಿನ ಸಂಶಯವೇ ಇಡೀ ಘಟನೆಯನ್ನು ಮರೆಯಲು ನೆಪವಾಗಬಾರದು. ಅರಸನ ಪರವಾಗಿ ಬರೆದ ಕಾವ್ಯಗಳು ನಮಗೆ ಉಳಿದಿವೆ. ನೇಗಿಲು ತೂಗಿದವರ ಕಡೆಯಿಂದ ಒಂದು ಸಾಲೂ ಬಂದಿಲ್ಲ. ಅವರ ಸಿಟ್ಟು ನಮಗೆ ತಲುಪಿದ್ದು ಪರದೇಶದ ಅಧಿಕಾರಿಯೊಬ್ಬನ ಪುಸ್ತಕದಿಂದ. ಕಪಿಲೆಯ ಈ ಸೀಮೆಯಲ್ಲೇ ನೂಲುವವರ ಊರೆಂದು ಹೆಸರಾದ ಬದನವಾಳು ಇದೆ. ಗಾಂಧಿಯ ಕಾಲದ ಖಾದಿ ಕೇಂದ್ರದ ನೆನಪು ಅಲ್ಲಿ ಇನ್ನೂ ಬೆಚ್ಚಗಿದೆ. ದುಡಿಯುವವರು ತಮ್ಮ ಕೈಯ ಸಲಕರಣೆಯಿಂದಲೇ ಆಳುವವರೊಡನೆ ಮಾತಾಡಿದ್ದು ಇಲ್ಲಿ ಚರಕಕ್ಕಿಂತ ಹಳೆಯದು. ನವಕೋಟಿಯನ್ನು ಪಾಠವಾಗಿ ಓದುವ ಮಕ್ಕಳಿಗೆ ಆ ನೇಗಿಲಿನ ಸುದ್ದಿಯನ್ನೂ ಹೇಳಬೇಕು. ಬೊಕ್ಕಸಕ್ಕೆ ಹೊನ್ನು ಬಂದದ್ದು ಆ ಮರಗಳಿದ್ದ ಊರುಗಳಿಂದಲೇ.